ಕಾಲೇಜಿನಿಂದ ಗುಜರಿಗೆ ಬಂದ ಹಳೇ ಸಿಆರ್‌ಓ: ಯಾವುದನ್ನು ತಗೊಳ್ಳಲಿ?

ಮೈಕ್‌ಸೆಟ್ ಸಾಗರ

ಎಲ್ಲರಿಗೂ ನಮಸ್ಕಾರ. ಸಾಗರದ ಹತ್ತಿರ ನನ್ನದು ಮೈಕ್ ಸೆಟ್ ಬಾಡಿಗೆ ಕೆಲಸ. ಆಂಪ್ಲಿಫೈಯರ್ ರಿಪೇರಿಯನ್ನೂ ಮಾಡುತ್ತೇನೆ. ಯಕ್ಷಗಾನದ ಆಟ, ಮದುವೆ, ಜಾತ್ರೆ ಅಂತ ಬೇಸಿಗೆ ಮುಗಿಯುವ ತನಕ ಪುರುಸೊತ್ತು ಇರುವುದಿಲ್ಲ. ಮಳೆ ಹಿಡಿದ ಮೇಲೆ ಕೂತು, ವರ್ಷವೆಲ್ಲ ಕೆಟ್ಟು ಬಂದದ್ದನ್ನು ಬಿಚ್ಚುತ್ತೇನೆ. ಇಷ್ಟು ವರ್ಷ ಮಲ್ಟಿಮೀಟರ್ ಮತ್ತು ಕಿವಿ, ಎರಡರಲ್ಲೇ ಕೆಲಸ ನಡೆದಿದೆ.

ಈ ಸಲ ಒಂದು 120 ವ್ಯಾಟ್ ಆಂಪ್ಲಿಫೈಯರ್ ನನ್ನನ್ನು ಸೋಲಿಸಿದೆ. ಜೋರಾಗಿ ಇಟ್ಟರೆ ಧ್ವನಿ ಚೆನ್ನಾಗಿದೆ. ಸಣ್ಣಗೆ ಇಟ್ಟರೆ ಗರಗರ ಅನ್ನುತ್ತದೆ, ಮರಳು ಬೆರೆತ ಹಾಗೆ. ಔಟ್‌ಪುಟ್ ಟ್ರಾನ್ಸಿಸ್ಟರ್ ಎರಡು ಸಲ ಬದಲಾಯಿಸಿದೆ. ವೋಲ್ಟೇಜು ಎಲ್ಲಾ ಕಡೆ ಸರಿ ಇದೆ. ಗೊತ್ತಿದ್ದವರೊಬ್ಬರು, "ಇದನ್ನು ಕಣ್ಣಲ್ಲಿ ನೋಡಬೇಕು, ಸಿಆರ್‌ಓ ಬೇಕು" ಅಂದರು. ಅಂದರೆ ವೋಲ್ಟೇಜಿನ ಏರಿಳಿತವನ್ನು ಪರದೆಯ ಮೇಲೆ ಗೆರೆಯಾಗಿ ತೋರಿಸುವ ಆಸಿಲೋಸ್ಕೋಪ್, ಬಾಯಿಮಾತಿನಲ್ಲಿ ಸ್ಕೋಪ್.

ಅದೇ ಹೊತ್ತಿಗೆ ಶಿವಮೊಗ್ಗದಲ್ಲಿ ಒಬ್ಬ ಗುಜರಿಯವರ ಹತ್ತಿರ ಕಾಲೇಜು ಲ್ಯಾಬಿನ ಹಳೇ ಸಾಮಾನು ಬಂದಿದೆ. ಹೋಗಿ ನೋಡಿ ಬಂದೆ. ಮೂರು ಸಿಆರ್‌ಓ ಇವೆ. ಮೂರೂ ಒಂದೇ ಮಾದರಿ. ಇಂದೋರಿನ ಸೈಂಟಿಫಿಕ್ ಕಂಪನಿಯದು, ಮೇಲೆ ಎಚ್‌ಎಂ 203 ಅಂತ ಇದೆ. 20 ಮೆಗಾಹರ್ಟ್ಸ್, ಎರಡು ಚಾನೆಲ್.

ಮೊದಲನೆಯದು ಆನ್ ಆಗುತ್ತದೆ, ಗೆರೆ ಬರುತ್ತದೆ. ಆದರೆ ಬ್ರೈಟ್‌ನೆಸ್ ಪೂರ್ತಿ ತಿರುಗಿಸಬೇಕು. ಪರದೆಯ ನಡುವೆ ಸಾಸಿವೆ ಕಾಳಿನಷ್ಟು ಕಂದು ಕಲೆ ಇದೆ. ಎರಡನೆಯದು ಪೂರ್ತಿ ಸತ್ತಿದೆ, ದೀಪವೂ ಹತ್ತುವುದಿಲ್ಲ, ಒಂದು ನಾಬ್ ಇಲ್ಲ. ಪರದೆ ಮಾತ್ರ ಹೊಸದರ ಹಾಗಿದೆ. ಮೂರನೆಯದರ ಡಬ್ಬ ನಜ್ಜುಗುಜ್ಜಾಗಿದೆ. ಒಂದಕ್ಕೆ 3,000 ಹೇಳುತ್ತಿದ್ದಾರೆ.

ಬೆಂಗಳೂರಿನಲ್ಲಿರುವ ನನ್ನ ಭಾವ ಎಸ್‌ಪಿ ರೋಡಿನ ಸಂದಿಯಲ್ಲಿ ಒಂದು ಟೆಕ್ಟ್ರಾನಿಕ್ಸ್ 465 ನೋಡಿದ್ದಾರೆ. 14,000 ಅಂತೆ. ಓಡುತ್ತಿದೆ, ಎರಡೂ ಗೆರೆ ಬರುತ್ತವೆ ಅಂದರು.

ನನಗೆ ಯಾವುದು ಸರಿ? ಹೊಸ ಡಿಜಿಟಲ್ಲೇ ತಗೊಳ್ಳಬೇಕಾ? ಹಳೆಯದು ತಗೊಂಡರೆ ಪ್ಲಗ್ ಹಾಕುವ ಮೊದಲು ಏನೇನು ನೋಡಬೇಕು? ನನಗೆ ಇದರ ಒಳಗಿನ ಅನುಭವ ಇಲ್ಲ. ಸೋಲ್ಡರಿಂಗ್ ಮಾತ್ರ ಚೆನ್ನಾಗಿ ಬರುತ್ತದೆ.

ಹ್ಯಾಮ್ ಮೈಸೂರು

ಡಿಜಿಟಲ್ ತಗೊಳ್ಳುವುದು ತಪ್ಪಲ್ಲ. ಒಂದೇ ಸಲ ಬಂದು ಹೋಗುವ ಸಿಗ್ನಲ್ ಹಿಡಿಯಬೇಕಾದರೆ ಅದೇ ಬೇಕು. ತೂಕವೂ ಕಮ್ಮಿ. ಆದರೆ ನಿಮ್ಮ ಕೆಲಸ ಆಡಿಯೋ. ಅಲ್ಲಿ 20 ಮೆಗಾಹರ್ಟ್ಸ್ ಧಾರಾಳ ಸಾಕು.

ಒಂದು ಮಾತು ಮಾತ್ರ ಹೇಳುತ್ತೇನೆ. ಯಾವುದನ್ನು ತಗೊಂಡರೂ ಕೈಯಲ್ಲಿ ಹೊತ್ತು ತನ್ನಿ, ಪಾರ್ಸೆಲ್ ಹಾಕಿಸಬೇಡಿ. ನಾನು ಆಸೆಪಟ್ಟು ಹೊರದೇಶದಿಂದ ಒಂದು ಟೆಕ್ (ಟೆಕ್ಟ್ರಾನಿಕ್ಸ್) 475 ತರಿಸಿದೆ. ಕಸ್ಟಮ್ಸ್, ಸಾಗಣೆ ಸೇರಿ ಸ್ಕೋಪಿನ ಬೆಲೆಯ ಎರಡರಷ್ಟು ಆಯಿತು. ಮಾರಿದವರು ಒಂದೇ ರಟ್ಟಿನ ಡಬ್ಬದಲ್ಲಿ ಹಾಕಿ ಕಳಿಸಿದ್ದರು. ಹೊರಗೆ ಒಂದು ಗೀರೂ ಇರಲಿಲ್ಲ. ಒಳಗೆ ಪರದೆಯ ಗಾಜಿನ ಟ್ಯೂಬಿನ ಕುತ್ತಿಗೆ ಮುರಿದಿತ್ತು. ಆ ದಿನ ಊಟ ಸೇರಲಿಲ್ಲ. ಅದು ಈಗಲೂ ಅಟ್ಟದ ಮೇಲಿದೆ, ಬಿಡಿಭಾಗಕ್ಕೆ ಅಂತ.

ನಿಧಾನ ಸೋಲ್ಡರ್

ಸಾಗರದವರೇ, ನಿಮ್ಮ ಪ್ರಶ್ನೆ ಓದಿ ತುಂಬಾ ಸಂತೋಷವಾಯಿತು. ನಾನು ಬೆಂಗಳೂರಿನಲ್ಲಿ 31 ವರ್ಷ ಅಳತೆ ಉಪಕರಣಗಳ ರಿಪೇರಿ ಮಾಡಿ ನಿವೃತ್ತನಾದವನು. ಈಗ ಮನೆಯ ಒಂದು ಕೋಣೆಯಲ್ಲಿ ಏಳು ಸ್ಕೋಪ್‌ಗಳಿವೆ. ಅದರಲ್ಲಿ ಐದು ನಾನು ಸತ್ತ ಸ್ಥಿತಿಯಲ್ಲಿ ತಂದವು. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಮೊದಲು ನನ್ನ ಉತ್ತರ. ಶಿವಮೊಗ್ಗದ ಮೊದಲನೆಯದು ಮತ್ತು ಎರಡನೆಯದು, ಎರಡನ್ನೂ ತಗೊಳ್ಳಿ. ಜೊತೆಗೆ ಕೇಳಿದರೆ ಬೆಲೆ ಇಳಿಸುತ್ತಾರೆ. ಹಳೇ ಸ್ಕೋಪ್ ಕೊಳ್ಳುವಾಗ ನಾವು ಕೊಳ್ಳುವುದು ಪರದೆಯ ಟ್ಯೂಬನ್ನು. ಉಳಿದದ್ದೆಲ್ಲ ಅದರ ಜೊತೆಗೆ ಬರುವ ಸಾಮಾನು. ರೆಸಿಸ್ಟರ್, ಕೆಪಾಸಿಟರ್, ಟ್ರಾನ್ಸಿಸ್ಟರ್ ಇವತ್ತೂ ಸಿಗುತ್ತವೆ. ಆ ಟ್ಯೂಬನ್ನು ಇವತ್ತು ಯಾರೂ ಮಾಡುತ್ತಿಲ್ಲ. ಅದಕ್ಕೇ ಗೆರೆ ಬರುವ ಮಂಕು ಟ್ಯೂಬಿಗಿಂತ, ಸತ್ತ ಡಬ್ಬದಲ್ಲಿರುವ ಸ್ವಚ್ಛ ಟ್ಯೂಬಿನ ಮೇಲೆ ನನಗೆ ಆಸೆ ಜಾಸ್ತಿ. ಸತ್ತದ್ದರ ಟ್ಯೂಬ್ ಒಳಗೂ ಚೆನ್ನಾಗಿದೆ ಅಂತ ಹೊರಗಿನಿಂದ ನೋಡಿ ಹೇಳಲಾಗದು, ನಿಜ. ಆದರೆ ಕಲೆ ಇಲ್ಲ ಅಂದರೆ ಅದು ಕಮ್ಮಿ ದುಡಿದಿರುವ ಸಾಧ್ಯತೆ ಇದೆ. ಒಂದೇ ಮಾದರಿಯ ಎರಡು ಇದ್ದರೆ ಒಂದರ ವೋಲ್ಟೇಜನ್ನು ಇನ್ನೊಂದರ ಜೊತೆ ಹೋಲಿಸಬಹುದು. ಒಂದರ ಭಾಗ ತೆಗೆದು ಇನ್ನೊಂದಕ್ಕೆ ಹಾಕಿ ನೋಡಬಹುದು. ಹೊಸದಾಗಿ ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಗುರು ಇಲ್ಲ.

ಎಚ್‌ಎಂ 203 ಮೂಲದಲ್ಲಿ ಜರ್ಮನಿಯ ಹಾಮೆಗ್ ಕಂಪನಿಯ ವಿನ್ಯಾಸ. ಸರಳ ಸ್ಕೋಪ್. ಟ್ಯೂಬಿಗೆ ಸುಮಾರು 2,000 ವೋಲ್ಟ್ ಅಷ್ಟೇ. ಸರ್ಕ್ಯೂಟ್ ಚಿತ್ರ ಸಿಗುತ್ತದೆ. ಮುಖ್ಯವಾಗಿ, ಮುಂಭಾಗದಲ್ಲಿ ಕಾಂಪೊನೆಂಟ್ ಟೆಸ್ಟರ್ ಇದೆ. ಎರಡು ವೈರ್ ಹಾಕಿ ಬಿಡಿಭಾಗಕ್ಕೆ ಮುಟ್ಟಿಸಿದರೆ ಪರದೆಯ ಮೇಲೆ ಅದರ ಆಕಾರ ಬರುತ್ತದೆ. ಓಪನ್ ಇದ್ದರೆ ಅಡ್ಡ ಗೆರೆ, ಶಾರ್ಟ್ ಇದ್ದರೆ ನೆಟ್ಟಗಿನ ಗೆರೆ. ಕೆಪಾಸಿಟರ್ ಆದರೆ ಮೊಟ್ಟೆಯಾಕಾರ. ಡಯೋಡ್ ಆದರೆ ಮೊಣಕೈ ಮಡಚಿದ ಹಾಗೆ. ಕರೆಂಟ್ ತೆಗೆದ ಆಂಪ್ಲಿಫೈಯರಿನಲ್ಲಿ, ಕೆಪಾಸಿಟರ್‌ಗಳನ್ನು ಡಿಸ್ಚಾರ್ಜ್ ಮಾಡಿಕೊಂಡು, ಭಾಗ ಕೀಳದೆ ಬೋರ್ಡಿನ ಮೇಲೇ ನೋಡಬಹುದು. ಚೆನ್ನಾಗಿರುವ ಚಾನೆಲ್ಲಿನ ಆಕಾರ, ಕೆಟ್ಟ ಚಾನೆಲ್ಲಿನ ಆಕಾರ ಪಕ್ಕಪಕ್ಕ ನೋಡಿದರೆ ಸಾಕು, ಕಳ್ಳ ಸಿಕ್ಕಿಬೀಳುತ್ತಾನೆ. ನಿಮ್ಮ ಕೆಲಸಕ್ಕೆ ಇದು ತುಂಬಾ ಉಪಯೋಗ.

ಇನ್ನು ಟೆಕ್ 465. ನನಗೆ ತುಂಬಾ ಇಷ್ಟದ ಸ್ಕೋಪ್ ಅದು. ಟೆಕ್ಟ್ರಾನಿಕ್ಸ್ 1946ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್‌ನಲ್ಲಿ ಹುಟ್ಟಿದ ಕಂಪನಿ. 465 ಬಂದದ್ದು 1972ರಲ್ಲಿ. 100 ಮೆಗಾಹರ್ಟ್ಸ್ ಸ್ಕೋಪನ್ನು ಕೈಯಲ್ಲಿ ಹಿಡಿದುಕೊಂಡು ಓಡಾಡುವ ಹಾಗೆ ಮಾಡಿದರು, ತೂಕ ಸುಮಾರು 10 ಕೆಜಿ. ಅದರ ಟ್ರಿಗರ್ (ಅಲೆಯನ್ನು ಪರದೆಯ ಮೇಲೆ ನಿಲ್ಲಿಸಿ ಹಿಡಿಯುವ ಭಾಗ) ಹಿಡಿದ ಸಿಗ್ನಲ್ ಅಲ್ಲಾಡುವುದಿಲ್ಲ. ಆದರೆ ಮೊದಲ ಸ್ಕೋಪ್ ಆಗಿ 14,000 ಕೊಟ್ಟು ಅದನ್ನು ತಗೊಳ್ಳಿ ಅನ್ನಲಾರೆ. ಅದರಲ್ಲಿ ಟ್ಯಾಂಟಲಮ್ ಕೆಪಾಸಿಟರ್‌ಗಳು ತುಂಬಾ ಇವೆ. ಐವತ್ತು ವರ್ಷದ ಮೇಲೆ ಅವು ಯಾವ ದಿನ ಶಾರ್ಟ್ ಆಗುತ್ತವೋ ಹೇಳಲಾಗದು. ಒಂದು ಶಾರ್ಟ್ ಆದರೆ ಆ ಲೈನಿನ ವೋಲ್ಟೇಜನ್ನೇ ಎಳೆದು ಕೂರಿಸುತ್ತದೆ, ಇಡೀ ಸ್ಕೋಪ್ ಸತ್ತಂತೆ ಕಾಣುತ್ತದೆ. ಅದರಲ್ಲಿ 110, 55, 15, 5 ಮತ್ತು ಮೈನಸ್ 8, ಹೀಗೆ ಐದು ವೋಲ್ಟೇಜು. ಭಾವನವರು ಮತ್ತೆ ಹೋದರೆ 115/230 ಸ್ವಿಚ್ ನೋಡಲು ಹೇಳಿ. ಅಮೆರಿಕದಿಂದ ಬಂದದ್ದಾದರೆ 115ರಲ್ಲಿ ಇರಬಹುದು. ಅದನ್ನು ನಮ್ಮ ಗೋಡೆಗೆ ಚುಚ್ಚಿದರೆ ಮುಗಿಯಿತು. ಇನ್ನೊಂದು, ಅದರ ವೋಲ್ಟ್ಸ್ ನಾಬಿನ (ಅಲೆಯ ಎತ್ತರ ಹೊಂದಿಸುವ ನಾಬಿನ) ಒಳಗೆ ಚಿನ್ನ ಲೇಪಿಸಿದ ಸಣ್ಣ ಎಲೆ ಸಂಪರ್ಕಗಳಿವೆ. ಅಲ್ಲಿಗೆ ಯಾವ ಸ್ಪ್ರೇಯನ್ನೂ ಹೊಡೆಯಬಾರದು. ಕಾಗದದ ಪಟ್ಟಿಯನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿ, ಎಲೆಯ ಕೆಳಗೆ ಇಟ್ಟು, ಮೆಲ್ಲಗೆ ಎಳೆಯಬೇಕು. ಮುಂದೊಂದು ದಿನ ಕೈ ಪಳಗಿದ ಮೇಲೆ 465 ತಗೊಳ್ಳಿ. ಆಗ ನಾನೇ ಜೊತೆಗೆ ಬರುತ್ತೇನೆ.

ಈ ಟೆಕ್ಟ್ರಾನಿಕ್ಸ್‌ನವರ ಬಗ್ಗೆ ಒಂದು ವಿಷಯ ಹೇಳಲೇಬೇಕು. ಅವರ ವಾಲ್ವ್ ಕಾಲದ 500 ಸರಣಿಯಲ್ಲಿ ಭಾಗಗಳನ್ನು ಪಿಂಗಾಣಿ ಪಟ್ಟಿಗಳ ಮೇಲೆ ಬೆಸೆದಿದ್ದರು. ಮಾಮೂಲಿ ಸೋಲ್ಡರ್ ಪದೇಪದೇ ಹಾಕಿದರೆ ಪಿಂಗಾಣಿಗೆ ಅಂಟಿದ ಬೆಳ್ಳಿ ಲೇಪ ಕರಗಿ ಎದ್ದು ಬರುತ್ತದೆ. ಅದಕ್ಕೆ ಬೆಳ್ಳಿ ಬೆರೆತ ಸೋಲ್ಡರೇ ಬೇಕು. ರಿಪೇರಿ ಮಾಡುವವನಿಗೆ ಅದು ಸಿಗದೇ ಹೋದೀತು ಅಂತ ಸ್ಕೋಪಿನ ಒಳಗೇ ಆ ಸೋಲ್ಡರಿನ ಪುಟ್ಟ ಸುರುಳಿ ಇಟ್ಟು ಕಳಿಸುತ್ತಿದ್ದರು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು 545 ಬಿಚ್ಚಿದಾಗ ಆ ಸುರುಳಿ ಹಾಗೇ ಇತ್ತು. ನನಗಿಂತ ಮೊದಲು ಅದನ್ನು ಬಿಚ್ಚಿದವರು ಬೇಕಾದಷ್ಟೇ ಕತ್ತರಿಸಿಕೊಂಡು ಉಳಿದದ್ದನ್ನು ಸುತ್ತಿಟ್ಟಿದ್ದರು. ನಾನೂ ಹಾಗೇ ಮಾಡಿದೆ.

ಈಗ ನಿಮ್ಮ ಎರಡು ಸ್ಕೋಪ್‌ಗೆ ಬರೋಣ. ಮನೆಗೆ ತಂದ ದಿನವೇ ಪ್ಲಗ್ ಹಾಕಬೇಡಿ. ನಿಮ್ಮದು ಮಳೆ ಸೀಮೆ. ಎಷ್ಟು ದಿನ ಗೋದಾಮಿನಲ್ಲಿ ಕೂತಿದ್ದವೋ ಏನೋ. ಮುಚ್ಚಳ ತೆಗೆದು, ಮೆತ್ತನೆ ಬ್ರಷ್‌ನಲ್ಲಿ ಧೂಳು ತೆಗೆಯಿರಿ. ಆಮೇಲೆ ಒಂದು ದೊಡ್ಡ ರಟ್ಟಿನ ಡಬ್ಬದಲ್ಲಿಟ್ಟು, ರಟ್ಟಿಗೆ ತಾಗದ ಹಾಗೆ 40 ವ್ಯಾಟ್ ಬಲ್ಬು ಹಾಕಿ ಎರಡು ದಿನ ಬೆಚ್ಚಗೆ ಇಡಿ. ರಾತ್ರಿ ಮಲಗುವಾಗ ಆರಿಸಿ. ಧೂಳು ಮತ್ತು ತೇವ ಸೇರಿದರೆ 2,000 ವೋಲ್ಟ್ ದಾರಿ ಹುಡುಕಿಕೊಳ್ಳುತ್ತದೆ.

ಮೈನ್ಸ್ ಒಳಗೆ ಬರುವ ಜಾಗದಲ್ಲಿ ಫಿಲ್ಟರ್ ಕೆಪಾಸಿಟರ್ ಇದ್ದರೆ ನೋಡಿ. ಹಳದಿ ಬಣ್ಣದ, ಒಳಗಿನ ಪದರ ಕಾಣುವಂಥ ಪೇಪರ್ ಕೆಪಾಸಿಟರ್ ಯುರೋಪಿನ ಹಳೇ ಉಪಕರಣಗಳಲ್ಲಿ ಸಾಮಾನ್ಯ. ಮೈಮೇಲೆ ಕೂದಲೆಳೆಯ ಬಿರುಕು ಬಿಟ್ಟಿದ್ದರೆ ಅದು ಹೊಗೆ ಉಗುಳುವುದು ಖಂಡಿತ. ತೆಗೆದು ಹಾಕಿ, ಮೈನ್ಸಿಗೆಂದೇ ಮಾಡಿದ, 275 ವೋಲ್ಟ್ ಎಸಿಯ ಎಕ್ಸ್2 ದರ್ಜೆಯದ್ದನ್ನೇ ಹಾಕಿ. ಮಾಮೂಲಿ ಕೆಪಾಸಿಟರ್ ಹಾಕಬೇಡಿ.

ಸೀರೀಸ್ ಬಲ್ಬು ನಿಮ್ಮ ಅಂಗಡಿಯಲ್ಲಿ ಇದ್ದೇ ಇರುತ್ತದೆ, ಅಲ್ವಾ? 100 ವ್ಯಾಟಿನ ಹಳೇ ಫಿಲಮೆಂಟ್ ಬಲ್ಬು ಹಾಕಿ, ಅದರ ಮೂಲಕ ಕರೆಂಟ್ ಕೊಡಿ. ಬಲ್ಬು ಒಮ್ಮೆ ಮಿನುಗಿ ಮಂಕಾದರೆ ಸರಿ. ಪೂರ್ತಿ ಉರಿದರೆ ಒಳಗೆ ಶಾರ್ಟ್ ಇದೆ, ತಕ್ಷಣ ತೆಗೆಯಿರಿ. ಬಲ್ಬು ಇದ್ದಾಗ ಸ್ಕೋಪಿಗೆ ಪೂರ್ತಿ 230 ಸಿಗುವುದಿಲ್ಲ. ಆಗ ಒಳಗಿನ ವೋಲ್ಟೇಜು ಸ್ವಲ್ಪ ಕಮ್ಮಿ ಕಂಡರೆ ಅದನ್ನೇ ದೋಷ ಅಂದುಕೊಳ್ಳಬೇಡಿ. ಶಾರ್ಟ್ ಇಲ್ಲ ಅಂತ ಖಾತ್ರಿಯಾದ ಮೇಲೆ ನೇರ ಕೊಟ್ಟು ಅಳೆಯಿರಿ.

ಅಳೆಯುವುದು ಅಂದೆ. ಇದನ್ನು ಎಷ್ಟು ಸಲ ಹೇಳಿದರೂ ಕಮ್ಮಿ. ಒಂದೇ ಒಂದು ಭಾಗ ಬದಲಾಯಿಸುವ ಮೊದಲು ಸರ್ಕ್ಯೂಟ್ ಚಿತ್ರ ಮುಂದಿಟ್ಟುಕೊಂಡು ಕಡಿಮೆ ವೋಲ್ಟೇಜಿನ ಲೈನುಗಳನ್ನೆಲ್ಲ ಅಳೆದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ನನ್ನ ಕೈಗೆ ಬಂದ ಸತ್ತ ಸ್ಕೋಪ್‌ಗಳಲ್ಲಿ ಹೆಚ್ಚಿನವು ಸಪ್ಲೈ ಕೆಟ್ಟು ಸತ್ತವು. ಕೆಲವಂತೂ ಸತ್ತೇ ಇರಲಿಲ್ಲ. ಪೊಸಿಶನ್ ನಾಬ್ ಯಾರೋ ಕೊನೆಗೆ ತಿರುಗಿಸಿದ್ದರು, ಟ್ರಿಗರ್ ಆಟೋದಲ್ಲಿ ಇರಲಿಲ್ಲ, ಎಕ್ಸ್‌ವೈ ಬಟನ್ (ಒಂದು ಸಿಗ್ನಲ್ಲನ್ನು ಅಡ್ಡಕ್ಕೆ, ಇನ್ನೊಂದನ್ನು ಮೇಲೆ-ಕೆಳಗೆ ಎಳೆಸುವುದು) ಒತ್ತಿತ್ತು. ಅಷ್ಟಕ್ಕೇ ಗುಜರಿಗೆ ಬಂದಿದ್ದವು.

ಮುಚ್ಚಳ ತೆಗೆದಾಗ ಎಡಗೈ ಜೇಬಿನಲ್ಲಿರಲಿ. ಟ್ಯೂಬಿನ ಹಿಂಭಾಗದ ಕಡೆ, ಹೈ ವೋಲ್ಟೇಜ್ ಬೋರ್ಡಿನ ಕಡೆ ಈಗಲೇ ಹೋಗಬೇಡಿ. ಅದನ್ನು ಬೇರೆಯಾಗಿ ಬರೆಯುತ್ತೇನೆ.

ಲ್ಯಾಬ್ ಮೇಡಂ

ಆ ಸಾಸಿವೆ ಕಾಳಿನ ಕಲೆ ಹೇಗೆ ಬರುತ್ತದೆ ಅಂತ ನಾನು ಹೇಳಬಲ್ಲೆ. 22 ವರ್ಷ ಭೌತಶಾಸ್ತ್ರದ ಪ್ರಾಕ್ಟಿಕಲ್ಸ್ ಮಾಡಿಸಿದ್ದೇನೆ. ಲಿಸಾಜು ಆಕೃತಿ ಪ್ರಯೋಗದಲ್ಲಿ ಹುಡುಗರು ಎಕ್ಸ್‌ವೈಗೆ ಹಾಕುತ್ತಾರೆ. ಎರಡು ಆಸಿಲೇಟರ್ ಒಂದೇ ಫ್ರೀಕ್ವೆನ್ಸಿಗೆ ಬಂದಾಗ ಗೆರೆ ವೃತ್ತವಾಗುತ್ತದೆ, ಮಡಚುತ್ತದೆ, ಮತ್ತೆ ಬಿಚ್ಚುತ್ತದೆ. ಅದನ್ನು ಮೊದಲ ಸಲ ನೋಡುವ ಮಕ್ಕಳ ಮುಖ ನೋಡಬೇಕು. ಆಮೇಲೆ ಗಂಟೆ ಹೊಡೆಯುತ್ತದೆ. ಆಸಿಲೇಟರ್ ಆರಿಸಿ ಹೋಗುತ್ತಾರೆ, ಸ್ಕೋಪ್ ಆರಿಸುವುದಿಲ್ಲ. ಎರಡೂ ಇನ್‌ಪುಟ್ ಖಾಲಿ. ಕಿರಣ ಪೂರ್ತಿ ಒಂದೇ ಚುಕ್ಕೆಯಾಗಿ ನಡುವೆ ನಿಂತು ಫಾಸ್ಫರನ್ನು, ಅಂದರೆ ಪರದೆಯ ಬೆಳಗುವ ಲೇಪವನ್ನು, ಸುಡುತ್ತದೆ. ಸುಟ್ಟ ಜಾಗ ಮತ್ತೆ ಬೆಳಗುವುದಿಲ್ಲ.

ಸಾಗರದವರೇ, ಎಕ್ಸ್‌ವೈ ಬಟನ್ ಒತ್ತುವ ಮೊದಲು ಬ್ರೈಟ್‌ನೆಸ್ ಇಳಿಸುವುದನ್ನು ಅಭ್ಯಾಸ ಮಾಡಿಕೊಳ್ಳಿ. ಆ ಸ್ವಚ್ಛ ಪರದೆಯ ಸ್ಕೋಪ್ ನಿಮ್ಮ ಕೈಗೆ ಬರಲಿ ಅಂತ ನನ್ನ ಆಸೆ. ನಮ್ಮ ಲ್ಯಾಬಿನ ಸ್ಕೋಪ್‌ಗಳನ್ನು ಹರಾಜು ಹಾಕಿದಾಗ ತೂಕದ ಲೆಕ್ಕದಲ್ಲಿ ಹೋದವು. ಇವತ್ತಿಗೂ ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ.

ಮೈಕ್‌ಸೆಟ್ ಸಾಗರ

ಎರಡನ್ನೂ ತಂದೆ. ಎರಡು ಸೇರಿ 4,200ಕ್ಕೆ ಕೊಟ್ಟರು. ಮೂರನೆಯದರ ನಾಬ್ ಸುಮ್ನೆ ಕೊಟ್ಟರು. ನಡುವೆ ಹಾಸಿಗೆ ಮಡಚಿ ಇಟ್ಟು, ಓಮ್ನಿಯಲ್ಲಿ ಮಲಗಿಸಿಕೊಂಡು ಬಂದೆ.

ಎರಡು ದಿನ ಬಲ್ಬಿನ ಡಬ್ಬದಲ್ಲಿ ಇಟ್ಟೆ. ಸತ್ತದ್ದರ ಒಳಗೆ ಜೇಡರ ಬಲೆ, ಒಂದು ಒಣಗಿದ ಹಲ್ಲಿ, ಅಷ್ಟು ಬಿಟ್ಟರೆ ಬೋರ್ಡ್ ಚೆನ್ನಾಗಿದೆ. ಹಳದಿ ಕೆಪಾಸಿಟರ್ ಕಾಣಲಿಲ್ಲ. ಫ್ಯೂಸ್ ಹೋಗಿತ್ತು. ಹೊಸ ಫ್ಯೂಸ್ ಹಾಕಿ ಸೀರೀಸ್ ಬಲ್ಬಿನಲ್ಲಿ ಕೊಟ್ಟೆ. ಬಲ್ಬು ಪೂರ್ತಿ ಉರಿಯಿತು. ತಕ್ಷಣ ತೆಗೆದೆ.

ಟ್ರಾನ್ಸ್‌ಫಾರ್ಮರಿನ ಸೆಕೆಂಡರಿ ವೈರ್‌ಗಳನ್ನು ಒಂದೊಂದಾಗಿ ಬಿಡಿಸುತ್ತಾ ಹೋದೆ. ಒಂದು ಜೋಡಿ ಬಿಡಿಸಿದ ಕೂಡಲೇ ಬಲ್ಬು ಮಂಕಾಯಿತು. ಆ ಲೈನಿನ ಬ್ರಿಜ್ ರೆಕ್ಟಿಫೈಯರಿನಲ್ಲಿ (ಎಸಿಯನ್ನು ಡಿಸಿ ಮಾಡುವ ಡಯೋಡ್ ಜೋಡಣೆ) ಒಂದು ಕಾಲು ಶಾರ್ಟ್. ಇಲ್ಲೇ ಪೇಟೆಯಲ್ಲಿ ಸಿಕ್ಕಿತು, ಹಾಕಿದೆ. ಈಗ ದೀಪ ಹತ್ತುತ್ತದೆ. ಪ್ಲಸ್ 12 ಸರಿ ಇದೆ. ಆದರೆ ಮೈನಸ್ 12 ಬರಬೇಕಾದಲ್ಲಿ ಮೈನಸ್ 8 ಚಿಲ್ಲರೆ, ಅದೂ ಅಲ್ಲಾಡುತ್ತಿದೆ.

ಆಗ ಒಂದು ಯೋಚನೆ ಬಂತು. ಮಂಕು ಸ್ಕೋಪ್ ಇದೆಯಲ್ಲ! ಕೋಣೆಯ ಕಿಟಕಿ ಮುಚ್ಚಿ, ಅದರ ಪ್ರೋಬನ್ನು (ಸಿಗ್ನಲ್ ಹಿಡಿಯುವ ವೈರನ್ನು) ಸತ್ತದ್ದರ ಮೈನಸ್ ಲೈನಿನ ಫಿಲ್ಟರ್ ಕೆಪಾಸಿಟರಿಗೆ ಹಾಕಿದೆ. ಟೈಮ್ 5 ಮಿಲಿಸೆಕೆಂಡಿಗೆ ಇಟ್ಟಾಗ ಗರಗಸದ ಹಲ್ಲಿನ ಹಾಗೆ, ಎರಡು ಚೌಕಕ್ಕೆ ಒಂದರಂತೆ ಹಲ್ಲು. ಆ ಹಲ್ಲಿನ ಎತ್ತರ ಪ್ಲಸ್ ಲೈನಿನದಕ್ಕಿಂತ ಹತ್ತು ಪಟ್ಟು ಜಾಸ್ತಿ ಇದೆ. ನನ್ನ ಜೀವನದಲ್ಲಿ ಮೊದಲ ಸಲ ವೋಲ್ಟೇಜನ್ನು ಕಣ್ಣಲ್ಲಿ ನೋಡಿದೆ. ಹೆಂಡತಿಯನ್ನು ಕರೆದು ತೋರಿಸಿದೆ.

ಕೆಪಾಸಿಟರ್ ಒಣಗಿದೆ ಅಂತ ನನ್ನ ಅಂದಾಜು. ಸರಿಯಾ?

ನಿಧಾನ ಸೋಲ್ಡರ್

ನೂರಕ್ಕೆ ನೂರು ಸರಿ. 50 ಹರ್ಟ್ಸಿನ ಎರಡೂ ಅರ್ಧವನ್ನು ಬ್ರಿಜ್ ಎತ್ತಿಕೊಡುತ್ತದೆ, ಅದಕ್ಕೇ ಸೆಕೆಂಡಿಗೆ 100 ಹಲ್ಲು. ಒಂದು ಹಲ್ಲಿಗೆ 10 ಮಿಲಿಸೆಕೆಂಡ್, ಅಂದರೆ ಎರಡು ಚೌಕ. ನಿಮ್ಮ ಅಳತೆ ಎಷ್ಟು ಚೊಕ್ಕಟವಾಗಿದೆ ನೋಡಿ. ಒಂದು ಸ್ಕೋಪ್ ಇನ್ನೊಂದರ ಕಾಯಿಲೆ ತೋರಿಸಿತು. ನನಗೆ ಇಲ್ಲಿ ಕೂತೇ ಕಣ್ಣು ತುಂಬಿ ಬಂತು.

ಕೆಪಾಸಿಟರ್ ಹಾಕುವಾಗ 105 ಡಿಗ್ರಿಯದ್ದು ಹಾಕಿ. ವೋಲ್ಟೇಜು ಮೊದಲಿನಷ್ಟೇ ಅಥವಾ ಒಂದು ಮೆಟ್ಟಿಲು ಮೇಲೆ. ಹೊಸವು ಗಾತ್ರದಲ್ಲಿ ಸಣ್ಣ ಇರುತ್ತವೆ, ಕಾಲಿನ ಅಂತರ ನೋಡಿಕೊಳ್ಳಿ. ಒಂದು ಒಣಗಿದ್ದರೆ ಅದರ ಜೊತೆಯವೂ ಅದೇ ವಯಸ್ಸಿನವು. ಪವರ್ ಸಪ್ಲೈಯಲ್ಲಿ ಇರುವ ಎಲೆಕ್ಟ್ರೊಲಿಟಿಕ್‌ಗಳನ್ನು ಒಟ್ಟಿಗೆ ಬದಲಾಯಿಸಿ. ಬೋರ್ಡಿನ ಬೇರೆ ಕಡೆಯವನ್ನು ಮುಟ್ಟಬೇಡಿ. ಎಲ್ಲವನ್ನೂ ಕಿತ್ತು ಹೊಸದು ಹಾಕುವವರನ್ನು ನೋಡಿದ್ದೇನೆ. ಒಂದು ದೋಷ ತೆಗೆಯಲು ಹೋಗಿ ಮೂರು ಹೊಸ ದೋಷ ಮಾಡಿಕೊಳ್ಳುತ್ತಾರೆ, ಪ್ಯಾಡ್ ಎತ್ತಿಬಿಡುತ್ತಾರೆ.

ಈಗ ಹೈ ವೋಲ್ಟೇಜ್ ವಿಷಯ. ಗಮನ ಕೊಟ್ಟು ಓದಿ. ಈ ಥರದ ಸ್ಕೋಪಿನಲ್ಲಿ ಟ್ಯೂಬಿನ ಮುಂಭಾಗ ನೆಲದ, ಅಂದರೆ ಚಾಸಿಯ ಸೊನ್ನೆ ವೋಲ್ಟಿನ ಹತ್ತಿರ ಇರುತ್ತದೆ, ಹಿಂದಿನ ಕ್ಯಾಥೋಡ್ ಮೈನಸ್ 2,000ದ ಆಸುಪಾಸಿನಲ್ಲಿ ಇರುತ್ತದೆ. ಟ್ಯೂಬಿನ ಹೀಟರ್ ವೈರ್ 6.3 ವೋಲ್ಟ್ ಅಂತ ಬರೆದಿರುತ್ತದೆ. ಆದರೆ ಅದು ಕೂತಿರುವುದು ಆ ಮೈನಸ್ 2,000ದ ಮೇಲೆ. ಫೋಕಸ್ ಪಾಟ್ (ನಾಬ್ ತಿರುಗಿಸುವ ರೆಸಿಸ್ಟರ್) ಕೂಡ ಹಾಗೇ. ಅದಕ್ಕೇ ಅದರ ಕಡ್ಡಿ ಪ್ಲಾಸ್ಟಿಕ್. ಅದು ಕೆಟ್ಟರೆ ರೇಡಿಯೋ ಅಂಗಡಿಯ ಲೋಹದ ಕಡ್ಡಿಯ ಪಾಟ್ ಯಾವತ್ತೂ ಹಾಕಬೇಡಿ. ನಾಬಿನ ಸ್ಕ್ರೂ ಮುಟ್ಟಿದರೂ ಪ್ರಾಣಕ್ಕೆ ಅಪಾಯ. ನಿಮ್ಮ ಮಲ್ಟಿಮೀಟರ್ 1,000 ವೋಲ್ಟ್ ತನಕ ಮಾತ್ರ. ಅದರಲ್ಲಿ ಈ ಲೈನನ್ನು ಅಳೆಯಬೇಡಿ. ಹೈ ವೋಲ್ಟೇಜ್ ಪ್ರೋಬ್ ಇಲ್ಲದೆ ಅಲ್ಲಿ ಅಳತೆಯೇ ಬೇಡ.

ಗೆರೆ ಬಂದು, ಫೋಕಸ್ ನಾಬ್ ಪೂರ್ತಿ ಒಂದು ಕಡೆಗೆ ತಿರುಗಿಸಿದರೂ ಚೂಪಾಗದಿದ್ದರೆ, ಫೋಕಸ್ ಸರಪಳಿಯಲ್ಲಿರುವ ಮೆಗಾಓಮ್ ರೆಸಿಸ್ಟರ್‌ಗಳನ್ನು ಅನುಮಾನಿಸಿ. ವಯಸ್ಸಾದಂತೆ ಅವುಗಳ ಓಮ್ ಅಳತೆ ಏರುತ್ತದೆ. ಸ್ಕೋಪ್ ಆರಿಸಿ, ಪ್ಲಗ್ ಕಿತ್ತು, ಹತ್ತು ನಿಮಿಷ ಕಾಯಿರಿ. ಮೆಗಾಓಮ್ ರೆಸಿಸ್ಟರ್ ಒಂದರ ಮೂಲಕ ಹೈ ವೋಲ್ಟೇಜ್ ಕೆಪಾಸಿಟರನ್ನು ನೆಲಕ್ಕೆ ಡಿಸ್ಚಾರ್ಜ್ ಮಾಡಿ. ಆ ರೆಸಿಸ್ಟರನ್ನು ಉದ್ದನೆಯ ಪ್ಲಾಸ್ಟಿಕ್ ಕೊಳವೆಯೊಳಗೆ ಕಟ್ಟಿಕೊಂಡಿರಿ. ಆಮೇಲೆ ಒಂದು ಕಾಲು ಬಿಡಿಸಿ ಅಳೆಯಿರಿ. ಸುಸ್ತಾಗಿದ್ದ ದಿನ, ನಿದ್ದೆಗೆಟ್ಟ ದಿನ ಈ ಕೆಲಸ ಬೇಡ. ಆಟದ ಸೆಟ್ ಹಾಕಿ ರಾತ್ರಿಯಿಡೀ ಎಚ್ಚರ ಇದ್ದು ಬಂದು ಮಾಡಬೇಡಿ.

ಇನ್ನೂ ಒಂದು. ಸ್ಕೋಪಿನ ಅರ್ಥ್ ಪಿನ್ ಕತ್ತರಿಸಬೇಡಿ, ಎರಡು ಪಿನ್ನಿನ ಎಕ್ಸ್‌ಟೆನ್ಶನ್‌ಗೆ ಹಾಕಬೇಡಿ. ಪ್ರೋಬಿನ ಮೊಸಳೆ ಕ್ಲಿಪ್ ನೇರ ಗೋಡೆಯ ಅರ್ಥಿಗೆ ಸೇರಿದೆ. ನೀವು ಈಗ ಎಸ್‌ಎಂಪಿಎಸ್ (ಸ್ವಿಚಿಂಗ್ ಪವರ್ ಸಪ್ಲೈ) ಇರುವ ಹೊಸ ಆಂಪ್ಲಿಫೈಯರ್‌ಗಳನ್ನೂ ಬಿಚ್ಚುತ್ತೀರಿ. ಅವುಗಳ ಪ್ರೈಮರಿ ಕಡೆಗೆ, ಅಂದರೆ ಮೈನ್ಸಿಗೆ ನೇರ ಸೇರಿದ ಕಡೆಗೆ, ಆ ಕ್ಲಿಪ್ ಹಾಕಿದರೆ ಅದು ನೇರ ಶಾರ್ಟ್. ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಬೇಕಾದದ್ದು ಆ ಆಂಪ್ಲಿಫೈಯರಿಗೆ, ಸ್ಕೋಪಿಗೆ ಅಲ್ಲ.

ಮೈಕ್‌ಸೆಟ್ ಸಾಗರ

ಗೆರೆ ಬಂತು!

ನಿನ್ನೆ ಸಂಜೆ ಏಳೂವರೆಗೆ. ನಾಲ್ಕು ಕೆಪಾಸಿಟರ್ ಬದಲಾಯಿಸಿದೆ. ಮೈನಸ್ 12 ಈಗ ಮೈನಸ್ 11.96. ಆನ್ ಮಾಡಿ ಅರ್ಧ ನಿಮಿಷ ಏನೂ ಇಲ್ಲ. ಆಮೇಲೆ ಪರದೆಯಲ್ಲಿ ಹಸಿರು ಗೆರೆ, ಕೂದಲಿನಷ್ಟು ಸಣ್ಣ. ಬ್ರೈಟ್‌ನೆಸ್ ನಾಬ್ ಅರ್ಧಕ್ಕಿಂತ ಕೆಳಗಿದೆ. ಹಗಲು ಬೆಳಕಿನಲ್ಲೂ ಕಾಣುತ್ತದೆ. ನೀವು ಹೇಳಿದ ಹಾಗೆ ಈ ಟ್ಯೂಬ್ ದುಡಿದೇ ಇಲ್ಲ. ಫೋಕಸ್ ನಡುವಿನಲ್ಲೇ ಚೂಪಾಗುತ್ತದೆ, ಹೈ ವೋಲ್ಟೇಜ್ ಕಡೆ ಹೋಗುವ ಅಗತ್ಯವೇ ಬರಲಿಲ್ಲ.

ಗೆರೆ ಸ್ವಲ್ಪ ಓರೆಯಾಗಿತ್ತು. ಮುಂಭಾಗದಲ್ಲಿ ಟಿಆರ್ ಅಂತ ಸಣ್ಣ ತೂತು ಇದೆಯಲ್ಲ, ಸ್ಕ್ರೂಡ್ರೈವರ್ ಹಾಕಿ ತಿರುಗಿಸಿದೆ. ನೆಟ್ಟಗಾಯಿತು. ಮೇಜಿನ ಮೇಲೆ ಸ್ಕೋಪನ್ನು ಬೇರೆ ದಿಕ್ಕಿಗೆ ತಿರುಗಿಸಿದರೆ ಮತ್ತೆ ಕೂದಲೆಳೆಯಷ್ಟು ಓರೆಯಾಗುತ್ತದೆ. ಇದು ಯಾಕೆ?

ಎರಡನೇ ಚಾನೆಲ್ಲಿನ ವೋಲ್ಟ್ಸ್ ನಾಬ್ ತಿರುಗಿಸಿದರೆ ಗೆರೆ ಹಾರುತ್ತಿತ್ತು. ಐಸೊಪ್ರೊಪೈಲ್ ಹಾಕಿ ನಲವತ್ತು ಸಲ ಆ ಕಡೆ ಈ ಕಡೆ ತಿರುಗಿಸಿದೆ. ಈಗ ಪರವಾಗಿಲ್ಲ.

ಈಗ ಮುಖ್ಯ ವಿಷಯ. ಆ 120 ವ್ಯಾಟ್ ಆಂಪ್ಲಿಫೈಯರ್. ಮೊಬೈಲಿನಿಂದ 1,000 ಹರ್ಟ್ಸ್ ಸೈನ್ ಕೊಟ್ಟೆ, ಔಟ್‌ಪುಟ್ಟಿಗೆ 8 ಓಮ್ ರೆಸಿಸ್ಟರ್ ಹಾಕಿದೆ. ಜೋರಾಗಿದ್ದಾಗ ಅಲೆ ಗುಂಡಗೆ ಚೆನ್ನಾಗಿದೆ. ಸಣ್ಣಗೆ ಮಾಡಿದೆ. ಅಲೆ ನಡುಗೆರೆ ದಾಟುವಾಗ ಎರಡೂ ಕಡೆ ಒಂದು ಮೆಟ್ಟಿಲು! ಗುಡ್ಡದ ದಾರಿಯಲ್ಲಿ ತುಂಡು ಕತ್ತರಿಸಿ ಸಪಾಟು ಮಾಡಿದ ಹಾಗೆ. ಮೂರು ತಿಂಗಳು ಕಿವಿಯಲ್ಲಿ ಕೇಳಿದ ಆ ಮರಳು ಇದೇ. ಬಯಾಸ್ ಪ್ರಿಸೆಟ್ (ಸಿಗ್ನಲ್ ಇಲ್ಲದಾಗಲೂ ಔಟ್‌ಪುಟ್ ಟ್ರಾನ್ಸಿಸ್ಟರಿನಲ್ಲಿ ಹರಿಯುವ ಸಣ್ಣ ಕರೆಂಟನ್ನು ಹೊಂದಿಸುವ ತಿರುಪು) ಮುಟ್ಟಬಹುದಾ? ಮತ್ತೆ, ಸ್ಕೋಪಿನದೇ ಚೌಕ ಅಲೆಯನ್ನು ಪ್ರೋಬಿನಲ್ಲಿ ನೋಡಿದರೆ ಮೂಲೆಗಳು ಗುಂಡಗೆ ಕಾಣುತ್ತವೆ. ಅದು ಸ್ಕೋಪಿನ ದೋಷವಾ?

ಲ್ಯಾಬ್ ಮೇಡಂ

ಓರೆಯಾಗುವುದು ಭೂಮಿಯ ಕಾಂತಕ್ಷೇತ್ರದಿಂದ. ಎಲೆಕ್ಟ್ರಾನ್ ಕಿರಣವನ್ನು ಅದು ಕೂದಲಷ್ಟು ತಳ್ಳುತ್ತದೆ. ಸ್ಕೋಪ್ ಯಾವ ದಿಕ್ಕಿಗಿದೆಯೋ ಹಾಗೆ. ಟಿಆರ್ ಇರುವುದು ಅದಕ್ಕೇ. ಜಾಗ ಬದಲಾಯಿಸಿದಾಗಲೆಲ್ಲ ಸರಿ ಮಾಡಿಕೊಳ್ಳಿ. ಕಿರಣದ ಟ್ಯೂಬನ್ನು 1897ರಲ್ಲಿ ಫರ್ಡಿನೆಂಡ್ ಬ್ರೌನ್ ಮಾಡಿದರು ಅಂತ ಪ್ರತಿ ವರ್ಷ ಬೋರ್ಡಿನ ಮೇಲೆ ಬರೆಯುತ್ತಿದ್ದೆ. ನಿಮ್ಮ ಮೇಜಿನ ಮೇಲೆ ಅದು ಮತ್ತೆ ಬೆಳಗಿದ್ದು ಓದಿ ನನಗೆ ಹಬ್ಬವಾಯಿತು.

ನಿಧಾನ ಸೋಲ್ಡರ್

ಮೂಲೆ ಗುಂಡಗಿರುವುದು ಪ್ರೋಬ್ ಹೊಂದಿಸದೆ ಇರುವುದಕ್ಕೆ. ಪ್ರೋಬನ್ನು 10 ಪಟ್ಟಿನ ಕಡೆಗೆ ಇಡಿ. ಅದರ ಬುಡದಲ್ಲೋ ತಲೆಯಲ್ಲೋ ಸಣ್ಣ ಟ್ರಿಮ್ಮರ್ ಇರುತ್ತದೆ. ಪ್ಲಾಸ್ಟಿಕ್ ಸ್ಕ್ರೂಡ್ರೈವರಿನಲ್ಲಿ, ಚೌಕದ ತಲೆ ಸಪಾಟಾಗುವ ತನಕ ತಿರುಗಿಸಿ. ಜಾಸ್ತಿಯಾದರೆ ಮೂಲೆ ಕೊಂಬಿನ ಹಾಗೆ ಏಳುತ್ತದೆ. ಎರಡರ ನಡುವೆ ನಿಲ್ಲಿಸಿ. ಪ್ರೋಬ್ ಇನ್ನೊಂದು ಚಾನೆಲ್ಲಿಗೆ ಹಾಕಿದರೆ ಮತ್ತೆ ನೋಡಿ.

ಬಯಾಸ್ ಪ್ರಿಸೆಟ್ ಈಗಲೇ ತಿರುಗಿಸಬೇಡಿ. ಮೊದಲು ಕರೆಂಟ್ ತೆಗೆದು, ಅದರ ನಡು ಕಾಲು ಸಂಪರ್ಕ ಬಿಟ್ಟಿಲ್ಲ ಅಂತ ಮೀಟರಿನಲ್ಲಿ ನೋಡಿ. ಹಳೇ ಪ್ರಿಸೆಟ್ ಕೈಕೊಟ್ಟರೆ ಕೆಲವು ಸರ್ಕ್ಯೂಟಿನಲ್ಲಿ ಬಯಾಸ್ ಪೂರ್ತಿ ಏರಿ ಔಟ್‌ಪುಟ್ ಟ್ರಾನ್ಸಿಸ್ಟರ್ ಒಂದೇ ಕ್ಷಣದಲ್ಲಿ ಹೋಗುತ್ತವೆ. ನನಗಾದರೆ ಅದನ್ನು ಹೊಸದೇ ಹಾಕುವುದು ಇಷ್ಟ. ಬಯಾಸ್ ಡಯೋಡ್‌ಗಳು ಹೀಟ್ ಸಿಂಕಿಗೆ ಅಂಟಿಕೊಂಡಿವೆಯಾ ನೋಡಿ. ಎರಡು ಸಲ ಟ್ರಾನ್ಸಿಸ್ಟರ್ ಬದಲಾಯಿಸಿದ್ದೀರಿ, ಆಗ ಎದ್ದಿರಬಹುದು. ಕಾಂಪೊನೆಂಟ್ ಟೆಸ್ಟರಿನಲ್ಲಿ ಅವುಗಳ ಮೊಣಕೈ ಆಕಾರವನ್ನೂ ನೋಡಿಬಿಡಿ.

ಆಮೇಲೆ ಪ್ರಿಸೆಟನ್ನು ಬಯಾಸ್ ಅತಿ ಕಮ್ಮಿ ಇರುವ ಕಡೆಗೆ ಇಟ್ಟು, ಸೀರೀಸ್ ಬಲ್ಬಿನಲ್ಲಿ ಆನ್ ಮಾಡಿ. ಬಲ್ಬು ಉರಿಯದಿದ್ದರೆ ನೇರ ಕೊಡಿ. ಎಮಿಟರ್ ರೆಸಿಸ್ಟರಿನ ಮೇಲೆ ಮೀಟರ್ ಇಟ್ಟು, ಸಣ್ಣ ಸಿಗ್ನಲ್ ಕೊಟ್ಟು, ಪರದೆ ನೋಡುತ್ತಾ ಕಾಳಷ್ಟು ಕಾಳಷ್ಟು ತಿರುಗಿಸಿ. ಮೆಟ್ಟಿಲು ಕರಗುವುದು ಕಣ್ಣಿಗೆ ಕಾಣುತ್ತದೆ. ಕರಗಿದ ಜಾಗದಲ್ಲಿ ನಿಲ್ಲಿಸಿ. ಸಿಗ್ನಲ್ ತೆಗೆದು ಮೀಟರ್ ಓದಿ ಬರೆದುಕೊಳ್ಳಿ. ಇಪ್ಪತ್ತು ನಿಮಿಷ ಬಿಸಿಯಾಗಲು ಬಿಟ್ಟು ಮತ್ತೆ ಓದಿ. ಅಂಕಿ ಏರುತ್ತಲೇ ಇದ್ದರೆ ಆರಿಸಿ ನನಗೆ ಹೇಳಿ.

ಮಂಕು ಟ್ಯೂಬಿನ ಮೊದಲ ಸ್ಕೋಪನ್ನು ಮಾರಬೇಡಿ. ಮುಂದಿನ ಸಲ ಇದು ಕೆಟ್ಟಾಗ ಇದರ ಹಲ್ಲು ಎಣಿಸಲು ಅದೇ ಬೇಕು.

ಮೈಕ್‌ಸೆಟ್ ಸಾಗರ

ಡಯೋಡ್ ಎದ್ದಿತ್ತು. ಕಟ್ಟಿದ ಕ್ಲಿಪ್ ನಾನೇ ಸರಿಯಾಗಿ ಕೂರಿಸಿರಲಿಲ್ಲ. ಪ್ರಿಸೆಟಿನ ನಡು ಕಾಲು ಒಮ್ಮೆ ಸಿಗುತ್ತದೆ, ಒಮ್ಮೆ ಇಲ್ಲ. ಹೊಸದು ನಾಳೆ ಶಿವಮೊಗ್ಗದ ಬಸ್ಸಿನಲ್ಲಿ ಬರುತ್ತದೆ. ಹಾಕಿ, ಇಪ್ಪತ್ತು ನಿಮಿಷದ ಅಂಕಿ ಇಲ್ಲೇ ಬರೆಯುತ್ತೇನೆ.